ಮಗಳಿಗೊಂದು ಪರದೆ

ಉಡುಗೊರೆಯ ವಿಷಯದಲ್ಲಿ ಸಿರಿವಂತರಿಗಿಂತ ಮಿತವಾದ ಆದಾಯದವರಿಗೇ ಹೆಚ್ಚು ಜ್ಞಾನ ಲಭಿಸುತ್ತದೆ ಎಂದು ನನಗೆ ತೋರುತ್ತದೆ. ಹಣವುಳ್ಳವರು ಅಂಗಡಿಗೆ ಹೋಗಿ, "ಇರುವುದರಲ್ಲಿ ಮೇಲಾದುದನ್ನು ಕೊಡಿ" ಎಂದು ಹೇಳಿ ಕೆಲಸ ಮುಗಿಸಬಹುದು. ಕೈಯಲ್ಲಿ ಎಣಿಕೆಯ ಹಣವಿರುವವನಾದರೋ ಒಂದೊಂದು ರೂಪಾಯಿಯನ್ನೂ, "ನೀನು ಯಾವ ಗುಣವನ್ನು ತರಲು ಹೊರಟಿದ್ದೀಯೆ?" ಎಂದು ಕೇಳಿಯೇ ಕಳುಹಿಸಬೇಕಾಗುತ್ತದೆ. ಹೀಗೆ ಕೇಳುತ್ತ ಕೇಳುತ್ತ ಅವನು ಆ ವಸ್ತುವಿನ ವಿಷಯದಲ್ಲಿ ಅರೆಪಂಡಿತನಾಗುತ್ತಾನೆ. 2024ನೆಯ ಇಸವಿಯ ದಸರೆಗೆ ಮುಂಚಿನ ಒಂದು ತಿಂಗಳಲ್ಲಿ ನಾನು ಗೇಮಿಂಗ್ ಮಾನಿಟರ್ ಎಂಬ ವಸ್ತುವಿನಲ್ಲಿ ಇಂಥ ಪಾಂಡಿತ್ಯವನ್ನು ಸಂಪಾದಿಸಿದೆ. ಕಂಪ್ಯೂಟರಿನಲ್ಲಿ ಆಟವಾಡುವವರಿಗೆಂದೇ ತಯಾರಾಗುವ, ಚಿತ್ರವನ್ನು ಅತಿ ಬೇಗ ಬದಲಿಸಬಲ್ಲ ಪರದೆಗೆ ಆ ಹೆಸರು.

ಅದು ಬೇಕಾಗಿದ್ದುದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳಿಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ಅವಳ ಸೋದರಮಾವ ಹೊಸ ಲ್ಯಾಪ್‌ಟಾಪ್ ಕೊಂಡಾಗ ತನ್ನ ಹಳೆಯ ಕಂಪ್ಯೂಟರನ್ನು, ಅದಕ್ಕಿಂತಲೂ ಹಳೆಯದಾದ ಹದಿನೆಂಟೂವರೆ ಅಂಗುಲದ ಪರದೆಯ ಸಮೇತ, ಅವಳಿಗೆ ಕೊಟ್ಟಿದ್ದ. ಅದರಲ್ಲಿ ಅವಳು ಪಾಠವನ್ನೂ ನೋಡುತ್ತಿದ್ದಳು, ಕಾರುಪಂದ್ಯದ ಆಟವನ್ನೂ ಆಡುತ್ತಿದ್ದಳು. ಕಾರು ತಿರುವಿಗೆ ಬಂದಾಗ ರಸ್ತೆಯ ಅಂಚು ಕಲಸಿದಂತಾಗುತ್ತದೆ. ಕುರ್ಚಿಯಲ್ಲಿ ಸ್ವಲ್ಪ ಕುಗ್ಗಿ ಕುಳಿತರೆ ಬಣ್ಣಗಳೇ ಬೇರೆಯಾಗಿ ಕಾಣುತ್ತವೆ. ಇದನ್ನು ಅವಳು ನನಗೆ ದೂರಾಗಿ ಹೇಳಿದವಳಲ್ಲ. ಗೆಳತಿಯೊಡನೆ ಆಡುತ್ತಿದ್ದ ಮಾತು ನನ್ನ ಕಿವಿಗೆ ಬಿದ್ದಿತು. ಅವರ ಮಾತಿನಲ್ಲಿ 144, 165, 180 ಎಂಬ ಸಂಖ್ಯೆಗಳು ಪರೀಕ್ಷೆಯ ಅಂಕಗಳಂತೆ ಸುಳಿದಾಡುತ್ತಿದ್ದವು.

ನಾನಾಗಿಯೇ ಕೇಳಿದ ಮೇಲೆ ಅವಳು ಒಂದು ಚೀಟಿಯಲ್ಲಿ ಮೂರು ಮಾನಿಟರುಗಳ ವಿವರವನ್ನು ಬರೆದುಕೊಟ್ಟಳು. ಎಲ್ಲಕ್ಕಿಂತ ಅಗ್ಗವಾದುದರ ಮುಂದೆ ಗುರುತು ಹಾಕಿತ್ತು. ಅದು ಅವಳ ಹಳೆಯ ಪರದೆಗಿಂತ ಹೆಚ್ಚೇನೂ ವೇಗವುಳ್ಳದ್ದಲ್ಲ. "ಇದೇ ಸಾಕೆ?" ಎಂದೆ. ಅವಳು ಉತ್ತರ ಕೊಡದೆ, "ಅಪ್ಪಾ, ಈ ಸಲ ನಿಮಗೆ ಬೋನಸ್ಸು ಎಷ್ಟು ಬರುತ್ತದೆ?" ಎಂದು ಕೇಳಿದಳು.

ಮಕ್ಕಳು ಹಟ ಹಿಡಿದರೆ ತಂದೆತಾಯಿಗಳಿಗೆ ಕಷ್ಟ, ನಿಜ. ಹಟ ಹಿಡಿಯಬೇಕಾದ ವಯಸ್ಸಿನಲ್ಲಿ ಹಿಡಿಯದೆ, ನಮ್ಮ ಜೇಬಿನ ಆಳವನ್ನು ತಾವೇ ಅಳೆದು ಆಸೆಯನ್ನು ಅದಕ್ಕೆ ತಕ್ಕಂತೆ ಕತ್ತರಿಸಿಕೊಂಡು ಬಂದರೆ ಇನ್ನೂ ಕಷ್ಟ. ಕಡಮೆ ಬೆಲೆಯ ವಸ್ತುವನ್ನು ಕೊಡಲು ನನಗೆ ಸಂಕೋಚವಿರಲಿಲ್ಲ. ಅದು ಅಪ್ಪನ ಬಡತನದ ಗುರುತಾಗಿ ಅವಳ ಮೇಜಿನ ಮೇಲೆ ವರ್ಷಗಟ್ಟಲೆ ನಿಲ್ಲಬಾರದೆಂಬುದೊಂದೇ ನನ್ನ ಚಿಂತೆ.

ಬೋನಸ್ಸಿನ ಲೆಕ್ಕ ಹೇಳುವುದರಲ್ಲಿ ಗುಟ್ಟೇನೂ ಇಲ್ಲ. ಆಗ ಜಾರಿಯಲ್ಲಿದ್ದ 1965ರ ಬೋನಸ್ ಕಾಯ್ದೆಯ ಪ್ರಕಾರ ಅದು ಕಡಮೆಯೆಂದರೆ ನೂರಕ್ಕೆ 8.33, ಹನ್ನೆರಡರಲ್ಲಿ ಒಂದು ಪಾಲು ಆಗಿತ್ತು. ನಮ್ಮ ಕಾರ್ಖಾನೆಯಲ್ಲಿ ಅದನ್ನು ಆಯುಧಪೂಜೆಗೆ ಮುಂಚೆ ಕೊಡುವ ರೂಢಿಯಿದೆ. ಮನೆಯ ಬೇರೆ ಖರ್ಚುಗಳನ್ನು ಕಳೆದು ಹತ್ತು ಸಾವಿರ ರೂಪಾಯಿಗಳನ್ನು ನಾನು ಇದಕ್ಕಾಗಿ ಎತ್ತಿಟ್ಟೆ.

ಆಟದ ಯಂತ್ರಕ್ಕೆ ಅಷ್ಟೊಂದು ಹಣವೇ ಎಂದು ಹಿರಿಯರು ಆಕ್ಷೇಪಿಸಿದರು. ನನ್ನ ತಾಯಿಗೆ ಕಂಪ್ಯೂಟರಿನ ಆಟವೆಂದರೆ ಜೂಜು. ಆ ಭಯ ನಿರಾಧಾರವಾದುದೇನಲ್ಲ. ಆಟದ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡು ಮನೆ ಮುಳುಗಿಸಿದ ಉದಾಹರಣೆಗಳು ನಮ್ಮ ಸುತ್ತಲೂ ಇದ್ದವು. ಮುಂದೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಕೌಶಲದ ಸ್ಪರ್ಧೆಯಾದ ಇ-ಕ್ರೀಡೆಯನ್ನು ಬೇರೆಯಾಗಿ ಗುರುತಿಸಿತು. ನಮ್ಮ ಮನೆಯಲ್ಲಿ ಈ ವಿಂಗಡಣೆ ಅದಕ್ಕೆ ಮೊದಲೇ ಆಗಿತ್ತು: ಹಣ ಕೇಳುವ ಆಟ ಕೂಡದು, ಶಾಲೆಯ ದಿನಗಳಲ್ಲಿ ಒಂದು ಗಂಟೆಗಿಂತ ಹೆಚ್ಚು ಕೂಡದು. ಇಷ್ಟಕ್ಕೆ ಒಪ್ಪಿದ ಮೇಲೆ ಆಟವೂ ಆಟವೇ. ಕೇರಂ ಹಲಗೆ ಕೊಳ್ಳುವಾಗ ನಯವಾದ ಹಲಗೆಯನ್ನು ಹುಡುಕುವುದಿಲ್ಲವೆ?

ಇನ್ನು ಆ ಸಂಖ್ಯೆಗಳ ವಿಷಯ. ಪರದೆಯ ಮೇಲೆ ಯಾವುದೂ ಚಲಿಸುವುದಿಲ್ಲ. ನಿಂತ ಚಿತ್ರಗಳು ಒಂದರ ಹಿಂದೊಂದು ಬೇಗಬೇಗನೆ ಬರುತ್ತವೆ. ಚಲನೆಯನ್ನು ನಮ್ಮ ಕಣ್ಣು ಮನಸ್ಸುಗಳು ಕಟ್ಟಿಕೊಳ್ಳುತ್ತವೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಆ ಕಾಲದ ಟೆಲಿವಿಷನ್ನಿನಲ್ಲಿ ಸೆಕೆಂಡಿಗೆ 25 ಚಿತ್ರಗಳು, ಒಂದೊಂದೂ ಎರಡು ಅರ್ಧಗಳಾಗಿ ಬರುತ್ತಿದ್ದುದರಿಂದ ಪರದೆ 50 ಸಲ ಬೆಳಗುತ್ತಿತ್ತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ತಯಾರಿಸುತ್ತಿದ್ದ ಕಪ್ಪು ಬಿಳುಪು ಚಿತ್ರನಳಿಗೆಗಳ ಮುಂದೆ ಕುಳಿತು ನಮ್ಮ ತಲೆಮಾರಿನವರು ಎಷ್ಟು ಸಂತೋಷಪಟ್ಟೆವು! ಯಾವ ಕೊರತೆಯೂ ಕಾಣಲಿಲ್ಲ. ಹಾಗಾದರೆ ಮಕ್ಕಳಿಗೆ ಮಾತ್ರ 144 ಏಕೆ?

ಕಾರಣವುಂಟು. ಸಿನಿಮಾ ನೋಡುವವನ ಕೈ ಸುಮ್ಮನಿರುತ್ತದೆ. ಆಟವಾಡುವವಳ ಬೆರಳು ಒತ್ತಿದ ಕ್ಷಣಕ್ಕೂ ಅದರ ಫಲ ಕಣ್ಣಿಗೆ ಕಾಣುವ ಕ್ಷಣಕ್ಕೂ ನಡುವೆ ಇರುವ ತಡ ಅವಳಿಗೆ ತಿಳಿಯುತ್ತದೆ. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದನ್ನು ಹರ್ಟ್ಸ್‌ಗಳಲ್ಲಿ ಹೇಳುತ್ತಾರೆ. 60 ಹರ್ಟ್ಸ್‌ನ ಹಳೆಯ ಪರದೆಯಲ್ಲಿ ಒಂದು ಚಿತ್ರ 16.67 ಮಿಲಿಸೆಕೆಂಡು ನಿಲ್ಲುತ್ತದೆ. 100 ಹರ್ಟ್ಸ್ ಆದರೆ 10 ಮಿಲಿಸೆಕೆಂಡು. 144 ಆದರೆ 7ಕ್ಕೆ ತುಸು ಕಡಮೆ. 180 ಆದರೆ 5.56. ಈ ಲೆಕ್ಕವನ್ನು ನಾನು ಬಸ್ಸಿನ ಚೀಟಿಯ ಹಿಂದೆ ಮಾಡಿದೆ. ಮಾಡಿದಾಗ ಒಂದು ಸ್ವಾರಸ್ಯ ಕಂಡಿತು. 60ರಿಂದ 100ಕ್ಕೆ, ಎಂದರೆ 40 ಮೆಟ್ಟಿಲು ಏರಿದರೆ ಉಳಿಯುವ ಕಾಲ 6.67 ಮಿಲಿಸೆಕೆಂಡು. 100ರಿಂದ 180ಕ್ಕೆ, ಎಂದರೆ ಅದರ ಎರಡರಷ್ಟು ಮೆಟ್ಟಿಲು ಏರಿದರೂ ಉಳಿಯುವುದು 4.44 ಮಾತ್ರ. ಮೇಲೆ ಹೋದಂತೆ ಮೆಟ್ಟಿಲುಗಳ ಎತ್ತರ ಕಡಮೆಯಾಗುತ್ತ ಹೋಗುತ್ತದೆ. ಬೆಲೆ ಮಾತ್ರ ಕಡಮೆಯಾಗುವುದಿಲ್ಲ. (120 ಹರ್ಟ್ಸ್‌ನ ಪರದೆಯಲ್ಲಿ ಒಂದು ಚಿತ್ರ ನಿಲ್ಲುವುದು ಸರಿಯಾಗಿ 8.33 ಮಿಲಿಸೆಕೆಂಡು. ಬೋನಸ್ಸಿನ ಸಂಖ್ಯೆ ಇಲ್ಲಿಗೂ ಬಂದುದನ್ನು ಕಂಡು ಬಸ್ಸಿನಲ್ಲಿ ಒಬ್ಬನೇ ನಕ್ಕೆ.)

ಕುಗ್ಗಿ ಕುಳಿತರೆ ಬಣ್ಣ ಬದಲಾಗುತ್ತದೆ ಎಂಬ ಇನ್ನೊಂದು ತೊಂದರೆ ವೇಗಕ್ಕೆ ಸಂಬಂಧಿಸಿದ್ದಲ್ಲ, ಪರದೆಯ ಜಾತಿಗೆ ಸಂಬಂಧಿಸಿದ್ದು. ಅದನ್ನು ತಿಳಿಯಲು ಹೋಗಿ ನಾನು ನಮ್ಮ ನೆರೆಯಲ್ಲೇ ಇದ್ದ ಒಂದು ದೊಡ್ಡ ಸಂಗತಿಯನ್ನು ತಿಳಿದೆ.

ಈ ಪರದೆಗಳ ಒಳಗಿರುವುದು ದ್ರವಸ್ಫಟಿಕ. ದ್ರವದಂತೆ ಹರಿಯುವ, ಆದರೆ ಸ್ಫಟಿಕದಂತೆ ಅಣುಗಳು ಒಂದು ಕ್ರಮದಲ್ಲಿ ನಿಲ್ಲುವ ವಿಚಿತ್ರ ವಸ್ತು ಅದು. ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಜರ್ ಇದನ್ನು ಮೊದಲು ಗಮನಿಸಿದ್ದು 1888ರಲ್ಲಿ. ಪರದೆಯ ಹಿಂಬದಿಯಲ್ಲಿ ಬೆಳಕು ಸದಾ ಉರಿಯುತ್ತಿರುತ್ತದೆ. ವಿದ್ಯುತ್ತಿನ ಒತ್ತಡಕ್ಕೆ ದ್ರವಸ್ಫಟಿಕದ ಅಣುಗಳು ತಿರುಗಿ, ಒಂದೊಂದು ಚುಕ್ಕಿಯಲ್ಲೂ ಬೆಳಕನ್ನು ಬಿಡುವ ಅಥವಾ ತಡೆಯುವ ಬಾಗಿಲಿನಂತೆ ವರ್ತಿಸುತ್ತವೆ. ಒಂದು ಶತಮಾನದ ಸಮೀಪದವರೆಗೆ ಇಂಥ ಅಣುಗಳೆಲ್ಲ ಕಡ್ಡಿಯ ಆಕಾರದವಾಗಿಯೇ ಇರಬೇಕೆಂದು ವಿದ್ವಾಂಸರು ನಂಬಿದ್ದರು. ಬಿಲ್ಲೆಯ ಆಕಾರದ ಅಣುಗಳೂ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ನಿಂತು ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿಕೊಟ್ಟದ್ದು 1977ರಲ್ಲಿ, ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಶಿವರಾಮಕೃಷ್ಣ ಚಂದ್ರಶೇಖರ್ ಅವರು ತಮ್ಮ ಸಹೋದ್ಯೋಗಿಗಳಾದ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ಈ ಶೋಧವನ್ನು ಪ್ರಕಟಿಸಿದರು. ನಕ್ಷತ್ರಗಳನ್ನು ಅಧ್ಯಯನ ಮಾಡಿ ನೊಬೆಲ್ ಬಹುಮಾನ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬೇರೆ, ಇವರು ಬೇರೆ. ಇಬ್ಬರೂ ಸರ್ ಸಿ. ವಿ. ರಾಮನ್ ಅವರ ಬಂಧುಗಳಾದ್ದರಿಂದ ಹೆಸರಿನ ಗೊಂದಲ ಇನ್ನೂ ಹೆಚ್ಚು. ನಮ್ಮ ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದು, 1971ರಲ್ಲಿ ಬೆಂಗಳೂರಿಗೆ ಬಂದವರು. 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನೆಗೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿದರು, 2004ರಲ್ಲಿ ತೀರಿಕೊಂಡರು. ಆ ಕೇಂದ್ರ ಈಗ ಬೇರೆ ಹೆಸರಿನಿಂದ ನಗರದ ಹೊರವಲಯದ ಶಿವನಪುರದಲ್ಲಿದೆ.

ಈ ಬಿಲ್ಲೆ ಅಣುಗಳಿಂದ ಏನು ಪ್ರಯೋಜನ ಎಂದು ಆಗ ಯಾರಾದರೂ ಕೇಳಿದ್ದರೆ ಸ್ಪಷ್ಟವಾದ ಉತ್ತರ ದೊರೆಯುತ್ತಿತ್ತೋ ಇಲ್ಲವೋ. ಹಳೆಯ ಬಗೆಯ ದ್ರವಸ್ಫಟಿಕದ ಪರದೆಗಳನ್ನು ಓರೆಯಾಗಿ ನೋಡಿದರೆ ಬಣ್ಣ ಕೆಡುತ್ತಿತ್ತು. ಟಿ.ಎನ್. ಎಂಬುದು ಆ ಬಗೆಯ ಹೆಸರು. ನನ್ನ ಮಗಳ ಹಳೆಯ ಪರದೆಯೂ ಅದೇ ಜಾತಿಯದು. 1990ರ ದಶಕದ ನಡುವಿನಲ್ಲಿ ಜಪಾನಿನ ಫ್ಯೂಜಿ ಕಂಪನಿಯವರು ಬಿಲ್ಲೆಯ ಆಕಾರದ ದ್ರವಸ್ಫಟಿಕವನ್ನು ಲೇಪಿಸಿದ ತೆಳು ಹಾಳೆಯನ್ನು ತಯಾರಿಸಿ, ಇಂಥ ಪರದೆಗಳಿಗೆ ಅಂಟಿಸುವ ಮೂಲಕ ಆ ದೋಷವನ್ನು ಬಹಳ ಮಟ್ಟಿಗೆ ತಗ್ಗಿಸಿದರು. ಕಡಮೆ ಬೆಲೆಯ ಪರದೆಯೂ ಓರೆನೋಟಕ್ಕೆ ತಕ್ಕಮಟ್ಟಿಗೆ ಕಾಣುವಂತಾದದ್ದರಲ್ಲಿ ಬೆಂಗಳೂರಿನ ಶೋಧಕ್ಕೂ ಪಾಲಿದೆ. ನಾನು ಮೂವತ್ತು ವರ್ಷ ಪೀಣ್ಯಕ್ಕೂ ಜಾಲಹಳ್ಳಿಗೂ ಓಡಾಡಿದವನು. ಒಂದು ಪರದೆ ಕೊಳ್ಳಬೇಕಾಗಿ ಬರುವವರೆಗೆ ಇದರ ಸುಳಿವೂ ನನಗಿರಲಿಲ್ಲ. ಮಗಳಿಗೆ ಹೇಳಿದೆ. ಅವಳು ಬಗ್ಗಿ, ಪಕ್ಕಕ್ಕೆ ಸರಿದು, ತನ್ನ ಹಳೆಯ ಪರದೆಯನ್ನು ನಾನಾ ಕೋನಗಳಿಂದ ನೋಡಿ, "ಪಕ್ಕದಿಂದ ಪರವಾಗಿಲ್ಲ, ಕೆಳಗಿನಿಂದ ಮಾತ್ರ ಕೆಡುತ್ತದೆ" ಎಂದು ವರದಿ ಒಪ್ಪಿಸಿದಳು. ಈ ಜಾತಿಯ ಪರದೆಯ ಗುಣ ಅದೇ. ಈಗಿನ ಐ.ಪಿ.ಎಸ್. ಎಂಬ ಬಗೆಯಲ್ಲಿ ಅಣುಗಳು ಪರದೆಗೆ ಸಮಾಂತರವಾಗಿಯೇ ತಿರುಗುವುದರಿಂದ ಯಾವ ಕಡೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಜಾತಿಯ ವಿಷಯ ತೀರ್ಮಾನವಾಯಿತು.

ವೇಗದ ವಿಷಯ ಉಳಿಯಿತು. ಒಂದು ಭಾನುವಾರ ತಂದೆ ಮಗಳಿಬ್ಬರೂ ಪೀಣ್ಯದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಸದರ್ ಪತ್ರಪ್ಪ ರಸ್ತೆಗೆ ಹೋದೆವು. ಜನರ ಬಾಯಲ್ಲಿ ಅದು ಎಸ್.ಪಿ. ರೋಡು. ತಂತಿ, ಬೆಸುಗೆಯ ಸೀಸ, ಸ್ವಿಚ್ಚುಗಳಿಂದ ಹಿಡಿದು ಕಂಪ್ಯೂಟರಿನ ಮಿದುಳಿನವರೆಗೆ ಎಲ್ಲವೂ ಅಲ್ಲಿನ ಗೂಡಂಗಡಿಗಳಲ್ಲಿ ತೂಗಾಡುತ್ತಿರುತ್ತವೆ. ನಾವು ವಿಚಾರಿಸಿದ ಅಂಗಡಿಗಳಲ್ಲಿ 24 ಅಂಗುಲದ, 100 ಹರ್ಟ್ಸ್‌ನ ಪರದೆಗೆ ಏಳೂವರೆ ಸಾವಿರದ ಆಸುಪಾಸು ಹೇಳಿದರು. 180 ಹರ್ಟ್ಸ್‌ನದಕ್ಕೆ ಹತ್ತೂವರೆ ಸಾವಿರ. 27 ಅಂಗುಲದ, ಇನ್ನೂ ಹೆಚ್ಚು ಚುಕ್ಕಿಗಳುಳ್ಳದ್ದಕ್ಕೆ ಹದಿನೆಂಟು ಸಾವಿರದ ಮೇಲೆ. ಅದರ ಮಾತು ಅಲ್ಲಿಗೇ ಮುಗಿಯಿತು. 27 ಅಂಗುಲದ್ದೇ ಅಗ್ಗದ ಒಂದು ಮಾದರಿಯೂ ಇತ್ತು. ಆದರೆ ಅದರಲ್ಲಿ ಚುಕ್ಕಿಗಳ ಸಂಖ್ಯೆ 24 ಅಂಗುಲದ್ದರಷ್ಟೇ. ಅಷ್ಟೇ ಚುಕ್ಕಿಗಳನ್ನು ದೊಡ್ಡ ಜಾಗಕ್ಕೆ ಹರಡಿದರೆ ಅಂಗುಲಕ್ಕೆ 92 ಇದ್ದದ್ದು 82ಕ್ಕೆ ಇಳಿಯುತ್ತದೆ. ಹತ್ತಿರ ಕುಳಿತು ಓದುವವರಿಗೆ ಅಕ್ಷರ ಒರಟಾಗಿ ಕಾಣುತ್ತದೆ.

ಪೆಟ್ಟಿಗೆಗಳ ಮೇಲೆಲ್ಲ "1 ಮಿಲಿಸೆಕೆಂಡು" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡುವವನು. ಯಾವ ಉಪಕರಣದಿಂದ, ಯಾವ ವಿಧಾನದಿಂದ ಅಳೆದದ್ದು ಎಂದು ಹೇಳದ ಅಳತೆಯನ್ನು ನಮ್ಮಲ್ಲಿ ಅಳತೆಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಚಾರಿಸಲಾಗಿ ಈ ಒಂದು ಮಿಲಿಸೆಕೆಂಡನ್ನು ಎರಡು ವಿಧವಾಗಿ ಹೇಳುತ್ತಾರೆಂದು ತಿಳಿಯಿತು. ಒಂದು, ಚುಕ್ಕಿಯು ಒಂದು ಬೂದುಬಣ್ಣದಿಂದ ಇನ್ನೊಂದು ಬೂದುಬಣ್ಣಕ್ಕೆ ತಿರುಗುವ ಕಾಲ. ಇನ್ನೊಂದು, ಹಿಂಬದಿಯ ಬೆಳಕನ್ನು ನಡುನಡುವೆ ಆರಿಸಿ ಕಣ್ಣಿಗೆ ಮಸುಕು ಕಡಮೆಯಾಗಿ ತೋರುವಂತೆ ಮಾಡಿ ಅಳೆದ ಕಾಲ. ಎರಡೂ ಬೇರೆ ಬೇರೆ. ಪೆಟ್ಟಿಗೆಯ ಮೇಲೆ ಮಾತ್ರ ಎರಡೂ ಒಂದೇ. ನಾನು ಆ ಸಂಖ್ಯೆಯನ್ನು ಲೆಕ್ಕದಿಂದಲೇ ತೆಗೆದುಹಾಕಿದೆ.

ಅಂಗಡಿಯ ಹುಡುಗ 180 ಹರ್ಟ್ಸ್‌ನದನ್ನೇ ಮುಂದೆ ಮಾಡಿದ. ಐನೂರು ರೂಪಾಯಿ ಹೆಚ್ಚಿಗೆ ಹಾಕುವುದು ನನಗೆ ಅಸಾಧ್ಯವೇನೂ ಆಗಿರಲಿಲ್ಲ. ಮಗಳು ಅದರ ಕಡೆ ನೋಡಿ, ತಕ್ಷಣ ಬೇರೆ ಕಡೆ ನೋಡಿದಳು. ಆ ನೋಟಕ್ಕೆ ಸೋತು ಕೊಂಡುಬಿಡುತ್ತಿದ್ದೆನೋ ಏನೋ, ಆದರೆ ಆ ಹುಡುಗನೇ, "ನಿಮ್ಮ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡು ಯಾವುದು ಸಾರ್?" ಎಂದು ಕೇಳಿದ. ಪ್ರತ್ಯೇಕ ಕಾರ್ಡು ಇಲ್ಲವೆಂದಳು ಮಗಳು. "ಹಾಗಾದರೆ ಮೊದಲು ನಿಮ್ಮದು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ, ನೋಡಿಕೊಂಡು ಬನ್ನಿ" ಎಂದ. ವ್ಯಾಪಾರವನ್ನು ತಾನೇ ಮುಂದೂಡಿದ ಅಂಥ ಮಾರಾಟಗಾರರು ಅಪರೂಪ. ಅಂದು ಪರದೆ ಕೊಳ್ಳದೆ ಹಿಂತಿರುಗಿದೆವು.

ದಾರಿಯಲ್ಲಿ ಮಗಳಿಗೆ ನಮ್ಮ ಕೆಲಸದ ವಿಷಯ ಹೇಳಿದೆ. ಒಂದು ರಂಧ್ರದ ಅಳತೆ 25 ಮಿಲಿಮೀಟರು ಎಂದು ನಕ್ಷೆಯಲ್ಲಿದ್ದರೆ, ಪಕ್ಕದಲ್ಲಿ ಎಷ್ಟು ಹೆಚ್ಚು ಕಡಮೆಯಾದರೆ ನಡೆಯುತ್ತದೆ ಎಂಬುದೂ ಇರುತ್ತದೆ. ಅದನ್ನು ಟಾಲರೆನ್ಸ್ ಎನ್ನುತ್ತೇವೆ. ಪರೀಕ್ಷಿಸಲು ಎರಡು ತುದಿಯ ಗೇಜು ಇದೆ: 'ಗೋ' ತುದಿ ರಂಧ್ರದೊಳಗೆ ಹೋಗಬೇಕು, 'ನೋ ಗೋ' ತುದಿ ಹೋಗಕೂಡದು. ಅಷ್ಟಾದರೆ ಆ ಭಾಗ ಸರಿ. ನೂರರಲ್ಲಿ ಐದು ಮಿಲಿಮೀಟರಿನಷ್ಟು ವ್ಯತ್ಯಾಸ ನಡೆಯುವ ಕಡೆ ಸಾವಿರದಲ್ಲಿ ಐದರ ನಿಖರತೆಗೆ ಶ್ರಮಪಡುವ ಕೆಲಸಗಾರನನ್ನು ನಮ್ಮ ಮೇಸ್ತ್ರಿ ಹೊಗಳುವುದಿಲ್ಲ. ಯಂತ್ರದ ಕಾಲವನ್ನು ಹಾಳುಮಾಡಿದೆ ಎಂದು ಬೈಯುತ್ತಾನೆ. ಅವಳು ಕೇಳಿಸಿಕೊಂಡು, "ಹಾಗಾದರೆ ನನ್ನ ಕಂಪ್ಯೂಟರಿನ ನಕ್ಷೆ ಎಲ್ಲಿದೆ?" ಎಂದಳು. ನಕ್ಷೆ ಇಲ್ಲದ ಕಡೆ ಅಳೆದೇ ತಿಳಿಯಬೇಕು ಎಂದೆ.

ಒಂದು ವಾರ ಅವಳು ಅಳೆದಳು. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂದು ಪರದೆಯ ಮೂಲೆಯಲ್ಲಿ ತೋರಿಸುವ ಏರ್ಪಾಡು ಆಟದಲ್ಲೇ ಇದೆ. ಹಳೆಯ ನೋಟ್‌ಪುಸ್ತಕದ ಹಿಂಬದಿಯಲ್ಲಿ ಕಾರ್ಖಾನೆಯ ತಪಾಸಣಾ ಪಟ್ಟಿಯ ಮಾದರಿಯಲ್ಲೇ ಗೆರೆ ಎಳೆದುಕೊಂಡಳು: ದಿನಾಂಕ, ಯಾವ ತಿರುವು, ಕನಿಷ್ಠ, ಗರಿಷ್ಠ. ಅವಳ ಹಳೆಯ ಪರದೆಯಲ್ಲಿರುವುದು 1366ಕ್ಕೆ 768, ಎಂದರೆ 10,49,088 ಚುಕ್ಕಿಗಳು. ಹೊಸದರಲ್ಲಿ 1920ಕ್ಕೆ 1080, ಎಂದರೆ 20,73,600, ಹೆಚ್ಚುಕಡಮೆ ಇಮ್ಮಡಿ. ಇಮ್ಮಡಿ ಚುಕ್ಕಿಗಳನ್ನು ಬಿಡಿಸಬೇಕಾದರೆ ಕಂಪ್ಯೂಟರಿಗೆ ಶ್ರಮ ಹೆಚ್ಚು. ಆಟದೊಳಗಿನ ಒಂದು ಏರ್ಪಾಡಿನಿಂದ ಅಷ್ಟು ಚುಕ್ಕಿಗಳನ್ನೂ ಬಿಡಿಸುವಂತೆ ಮಾಡಿ ಅಳೆದಾಗ ಬಂದ ಉತ್ತರ: ಕನಿಷ್ಠ 48, ಗರಿಷ್ಠ 60. ಸೆಕೆಂಡಿಗೆ 60 ಚಿತ್ರ ಬಿಡಿಸುವ ಯಂತ್ರಕ್ಕೆ 180 ತೋರಿಸುವ ಪರದೆಯನ್ನು ಕಟ್ಟಿದರೆ ಪರದೆ ಒಂದೇ ಚಿತ್ರವನ್ನು ಮೂರು ಸಲ ತೋರಿಸುತ್ತ ಕುಳಿತಿರುತ್ತದೆ.

ಅವಳ ಮುಖ ಸಪ್ಪಗಾಯಿತು. ಆದರೆ ಅಳೆಯುವುದರ ಲಾಭವೆಂದರೆ ಕೊರತೆ ಎಲ್ಲಿದೆಯೆಂದೂ ಅದು ತೋರಿಸುತ್ತದೆ. ಸೋದರಮಾವನಿಗೆ ಪಟ್ಟಿಯನ್ನು ಕಳುಹಿಸಿದಳು. ಅವನು ಹೇಳಿದ: ಆ ಕಂಪ್ಯೂಟರಿನಲ್ಲಿ 8 ಜಿ.ಬಿ.ಯ ರ‍್ಯಾಮ್ ಪಟ್ಟಿ ಒಂದೇ ಇದೆ, ಇನ್ನೊಂದರ ಜಾಗ ಖಾಲಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇಲ್ಲದ ಯಂತ್ರ ಚಿತ್ರ ಬಿಡಿಸಲು ಈ ರ‍್ಯಾಮನ್ನೇ ಬಳಸಿಕೊಳ್ಳುತ್ತದೆ. ಒಂದು ಪಟ್ಟಿಯೆಂದರೆ ಒಂದೇ ಓಣಿ. ಎರಡು ಹಾಕಿದರೆ ಎರಡು ಓಣಿಗಳಲ್ಲಿ ಏಕಕಾಲಕ್ಕೆ ಸಂಚಾರ. ಗೊರಗುಂಟೆಪಾಳ್ಯದ ವಾಹನದಟ್ಟಣೆಯನ್ನು ದಿನವೂ ಕಾಣುವ ನಮಗೆ ಈ ಉಪಮೆ ಚೆನ್ನಾಗಿ ಅರ್ಥವಾಯಿತು. ಸಂಜೆ ಹೋಗಿ 1,700 ರೂಪಾಯಿಗೆ ಅಂಥದೇ ಇನ್ನೊಂದು ಪಟ್ಟಿಯನ್ನು ತಂದೆ. ಅವಳೇ ಕೂಡಿಸಿದಳು. ಮತ್ತೆ ಅಳತೆ: ಕನಿಷ್ಠ 68, ಗರಿಷ್ಠ 86.

"100 ಹರ್ಟ್ಸ್‌ನದು ಗೋ. 60ರದು ನೋ ಗೋ. 180 ಯಂತ್ರದ ಕಾಲ ಹಾಳು" ಎಂದಳು. ಬೋನಸ್ಸಿನ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ.

ಎರಡನೆಯ ಸಲ ಹೋದಾಗ ಹೆಚ್ಚು ಹೊತ್ತು ಹಿಡಿಯಲಿಲ್ಲ. 24 ಅಂಗುಲ, ಐ.ಪಿ.ಎಸ್., 100 ಹರ್ಟ್ಸ್. ಜೊತೆಗೆ ಕಂಪ್ಯೂಟರು ಚಿತ್ರ ಮುಗಿಸುವ ಕ್ಷಣಕ್ಕೆ ತನ್ನ ವೇಗವನ್ನು ಹೊಂದಿಸಿಕೊಳ್ಳುವ ಗುಣ, ಅಡಾಪ್ಟಿವ್ ಸಿಂಕ್, ಅದರಲ್ಲಿತ್ತು. 68ಕ್ಕೂ 86ಕ್ಕೂ ನಡುವೆ ಏರಿಳಿಯುವ ಯಂತ್ರಕ್ಕೆ ಈ ಗುಣ ಬಹಳ ಮುಖ್ಯ. ಇಲ್ಲದಿದ್ದರೆ ಅರ್ಧ ಹಳೆಯ ಚಿತ್ರ, ಅರ್ಧ ಹೊಸ ಚಿತ್ರ ಕೂಡಿ ಪರದೆ ಹರಿದಂತೆ ಕಾಣುವುದುಂಟು. ಅಂಗಡಿಯಲ್ಲಿಯೇ ಹಚ್ಚಿಸಿ, ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಪರದೆಯ ತುಂಬ ಹರಡಿಸಿ, ಸತ್ತ ಚುಕ್ಕಿಗಳಿವೆಯೇ ಎಂದು ನೋಡಿದೆವು. ನನಗೆ ಕನ್ನಡಕ ಬೇಕಾಯಿತು, ಅವಳಿಗೆ ಬೇಕಾಗಲಿಲ್ಲ. ನೂರಕ್ಕೆ ಹದಿನೆಂಟರ ಜಿ.ಎಸ್.ಟಿ. ಸೇರಿ 7,600 ರೂಪಾಯಿ. ರಸೀದಿಯನ್ನೂ ಮೂರು ವರ್ಷದ ವಾರಂಟಿಯ ಕಾಗದವನ್ನೂ ಕೇಳಿ ಪಡೆದೆ. ಉಳಿದ ಏಳುನೂರರಲ್ಲಿ ಚಿಕ್ಕಪೇಟೆಯ ದೋಸೆ, ಮನೆಗೆ ಆಟೋ.

ಮನೆಯಲ್ಲಿ ಹಚ್ಚಿದ ಕೂಡಲೆ ಅದು 60 ಹರ್ಟ್ಸ್‌ನಲ್ಲೇ ಓಡುತ್ತಿತ್ತು. ಕಂಪ್ಯೂಟರಿನ ವ್ಯವಸ್ಥೆಯೊಳಗೆ ಹೋಗಿ ವೇಗವನ್ನು 100ಕ್ಕೆ ಬದಲಿಸದಿದ್ದರೆ ಅದು ಹಾಗೆಯೇ ಇದ್ದುಬಿಡಬಹುದು. ಹಣ ಕೊಟ್ಟು ಕೊಂಡ ಗುಣವನ್ನು ಒಂದು ದಿನವೂ ಬಳಸದವರು ಎಷ್ಟು ಮಂದಿಯೋ! ಮಗಳು ಅದನ್ನು ಬದಲಿಸಿದಳು. ಪೀಠ ಎತ್ತರ ಹೊಂದಿಸುವಂಥದಲ್ಲ. ಕಾರ್ಖಾನೆಗೆ ಯಂತ್ರ ಬಂದ ಪೆಟ್ಟಿಗೆಯ ಹಲಗೆಯನ್ನು ಕೊಯ್ದು, ಉಜ್ಜಿ, ಮೇಲಂಚು ಅವಳ ಕಣ್ಣಿನ ಮಟ್ಟಕ್ಕೆ ಬರುವಂತೆ ಕೆಳಗಿಟ್ಟೆ. ಒಂದು ತೋಳಿನಷ್ಟು ದೂರದಲ್ಲಿ ಕುರ್ಚಿ. ತಿರುವಿನಲ್ಲಿ ರಸ್ತೆಯ ಅಂಚು ಈಗ ಗೆರೆ ಎಳೆದಂತೆ ಕಾಣುತ್ತದೆಯೆಂದು ಹೇಳಿದಳು. ನನ್ನ ಕಣ್ಣಿಗೆ ಅಷ್ಟು ವ್ಯತ್ಯಾಸ ತಿಳಿಯಲಿಲ್ಲ. ಆದರೆ ಅಕ್ಷರಗಳು ಮೊದಲಿಗಿಂತ ನುಣುಪಾಗಿದ್ದವು, ಅದು ತಿಳಿಯಿತು.

ವಾರ ಕಳೆದು ಆಯುಧಪೂಜೆ ಬಂತು. ನನ್ನ ವರ್ನಿಯರ್, ಮೈಕ್ರೋಮೀಟರು, ಸೈಕಲ್ಲು, ಅವಳ ಕಂಪಾಸು ಪೆಟ್ಟಿಗೆಗಳ ಸಾಲಿನಲ್ಲಿ ಕಂಪ್ಯೂಟರೂ ಸೇರಿತು. ನನ್ನ ತಾಯಿ ಅರಿಸಿನ ಕುಂಕುಮದ ಬಟ್ಟಲು ಹಿಡಿದು, ಒದ್ದೆ ಬೆರಳನ್ನು ನೇರವಾಗಿ ಪರದೆಯ ನಡುವಿಗೆ ಒಯ್ದರು. ಮಗಳು ಓಡಿಬಂದು ಕೈ ಹಿಡಿದುಕೊಂಡು, "ಅಜ್ಜೀ, ಅಲ್ಲಿ ಬೇಡ, ಇಲ್ಲಿ ಹಚ್ಚಿ" ಎಂದು ಕೆಳಗಿನ ಹಲಗೆಯನ್ನು ತೋರಿಸಿದಳು.